ಬಾಜೂ ಮನೆ ಅಲುಗದಂತೆ ಆಳದ ಬೇಸ್‌ಮೆಂಟ್ ತೋಡುವುದು: ತಡೆಗೋಡೆ ಸರಿಯದಂತೆ ಹಿಡಿಯುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆ, ದುರ್ಗದಬೈಲ್, ಧಾರವಾಡದ ಸುಭಾಸ ರಸ್ತೆ. ಇಂಥ ಕಡೆ ಹಳೆ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವವರಿಗೆ ಬೇಸ್‌ಮೆಂಟ್ ಬೇಕೇ ಬೇಕು. ಗಾಡಿ ನಿಲ್ಲಿಸಲು ಬೇರೆ ಜಾಗವೇ ಇಲ್ಲ. ಆದರೆ ಮೂರು ಕಡೆಗೂ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಅದರಲ್ಲಿ ಎಷ್ಟೋ ಮನೆಗಳದ್ದು ಮಣ್ಣಿನ ಗಾರೆಯ ಕಲ್ಲು ಗೋಡೆ. ನೀವು ಕೆಳಗೆ ಅಗೆದರೆ ಆ ಮನೆಗಳ ಪಾಯದ ಕೆಳಗಿನ ಮಣ್ಣು ನಿಮ್ಮ ಗುಂಡಿಯ ಕಡೆ ಸರಿಯಲು ನೋಡುತ್ತದೆ.

ಆ ಸರಿತವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿದಿಡುವುದು ಹೇಗೆ ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸೈಟ್ ಎಂಜಿನಿಯರ್‌ಗಳಿಗೆ, ಕಾಂಟ್ರಾಕ್ಟರ್‌ಗಳಿಗೆ, ದುಡ್ಡು ಹಾಕುವ ಮಾಲೀಕರಿಗೆ ಉಪಯೋಗವಾಗಲಿ ಅಂತ. ಡಿಸೈನನ್ನು ಮಣ್ಣಿನ ವಿಷಯ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್‌ರಿಂದಲೇ ಮಾಡಿಸಬೇಕು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಎರಡು ಬೇಸ್‌ಮೆಂಟ್, 7 ಮೀಟರ್ ಆಳ, ಗಡಿಯಿಂದ 2 ಮೀಟರ್ ಆಚೆ ಎರಡಂತಸ್ತಿನ ಹಳೆ ಕಲ್ಲು ಮನೆ.

ಮೊದಲೇ ಒಂದು ಮಾತು. ಗೋಡೆ ದಪ್ಪ ಮಾಡಿದರೆ ಸರಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ದಪ್ಪಕ್ಕೂ ಕೆಲಸವಿದೆ, ಇಲ್ಲವೆಂದಲ್ಲ. ಆದರೆ ಗೋಡೆ ಎಷ್ಟು ಸರಿಯುತ್ತದೆ ಎಂಬುದನ್ನು ಜಾಸ್ತಿ ನಿರ್ಧರಿಸುವುದು ಬೇರೆ ಎರಡು ವಿಷಯ. ಆನಿಕೆ ಕೊಡುವ ಮೊದಲು ಎಷ್ಟು ಆಳ ಅಗೆದಿರಿ, ಮತ್ತು ಆನಿಕೆಯಿಲ್ಲದೆ ಎಷ್ಟು ಹೊತ್ತು ಬಿಟ್ಟಿರಿ.

1. ಮೊದಲು ಬಾಜೂ ಮನೆಗೆ ಹೋಗಿ

ಅಗೆತಕ್ಕೆ ಎರಡು ತಿಂಗಳು ಮೊದಲೇ ಅಕ್ಕಪಕ್ಕದ ಮನೆಯವರ ಹತ್ತಿರ ಹೋಗಿ ಕೂತು ಮಾತಾಡಿ. ಎಷ್ಟು ಆಳ, ಎಷ್ಟು ತಿಂಗಳು, ಏನೇನು ಸದ್ದು, ಎಲ್ಲ ಹೇಳಿ. ಒಪ್ಪಿಗೆ ತೆಗೆದುಕೊಂಡು ಮನೆಯ ಒಳಗೂ ಹೊರಗೂ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಇರುವ ಬಿರುಕುಗಳ ಪಕ್ಕ ಸ್ಕೇಲ್ ಇಟ್ಟು, ತಾರೀಖು ಬರೆದು ತೆಗೆಯಬೇಕು. ಬಾಗಿಲು, ಕಿಟಕಿ ಸರಿಯಾಗಿ ಹಾಕಲು ಬರುತ್ತವಾ ನೋಡಿ ಬರೆದಿಡಿ. ಒಂದು ಪ್ರತಿಗೆ ಇಬ್ಬರ ಸಹಿ ಮಾಡಿಸಿ ಅವರ ಕೈಗೂ ಕೊಡಿ. ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಬೇಸಿಗೆಗೆ ಬಿಡುವ, ಮಳೆಗಾಲಕ್ಕೆ ಮುಚ್ಚುವ ಬಿರುಕು ಇದ್ದೇ ಇರುತ್ತವೆ. ಅವನ್ನು ಮೊದಲೇ ದಾಖಲು ಮಾಡದಿದ್ದರೆ ಆಮೇಲೆ ಎಲ್ಲವೂ ನಿಮ್ಮ ಲೆಕ್ಕಕ್ಕೇ.

ಆ ಮನೆಯ ಹಿರಿಯರನ್ನು ಹುಡುಕಿ ಕೇಳಬೇಕಾದ ಪ್ರಶ್ನೆ ಒಂದಿದೆ: "ಯಜಮಾನ್ರ, ಇಲ್ಲೆ ಹಗೇವು ಇತ್ತೇನ್ರಿ?" ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳು ನಮ್ಮ ಕಡೆಯ ಹಳೆ ಮನೆಗಳಲ್ಲಿ, ಮನೆ ಮುಂದಿನ ಬಯಲಿನಲ್ಲಿ ಇದ್ದವು. ಕೆಲವನ್ನು ಸರಿಯಾಗಿ ತುಂಬಿರುತ್ತಾರೆ. ಕೆಲವಕ್ಕೆ ಬಾಯಿಗೆ ಕಲ್ಲು ಮುಚ್ಚಿ ಮೇಲೆ ನೆಲ ಮಾಡಿರುತ್ತಾರೆ ಅಷ್ಟೇ. ನಿಮ್ಮ ಗೋಡೆಯ ಹಿಂದೆ ಅಂಥ ಪೊಳ್ಳು ಇದ್ದರೆ ಪೈಲ್ (ನೆಲಕ್ಕೆ ತೂತು ಕೊರೆದು ಕಾಂಕ್ರೀಟ್ ತುಂಬಿದ ಕಂಬ) ಕೊರೆಯುವಾಗ ಕಾಂಕ್ರೀಟ್ ಎಲ್ಲಿಗೋ ಹೋಗುತ್ತದೆ, ಇಲ್ಲವೇ ಅಗೆಯುವಾಗ ನೆಲ ದಿಢೀರನೆ ಕುಸಿಯುತ್ತದೆ. ಹಳೆ ಬಾವಿ, ಪಾಯಖಾನೆ ಗುಂಡಿ, ಇಂಗು ಗುಂಡಿಗಳನ್ನೂ ಹೀಗೇ ಕೇಳಿ ತಿಳಿಯಬೇಕು. ಮಣ್ಣು ಪರೀಕ್ಷೆಯ ಎರಡು ಬೋರ್‌ನಲ್ಲಿ ಇವು ಸಿಗುವುದಿಲ್ಲ, ಹಿರಿಯರ ನೆನಪಿನಲ್ಲಿ ಸಿಗುತ್ತವೆ. ಸಿಕ್ಕಿದ್ದನ್ನು ಅಗೆತಕ್ಕೆ ಮೊದಲೇ ತೆಳು ಕಾಂಕ್ರೀಟ್ ಅಥವಾ ಸಿಮೆಂಟ್ ಗ್ರೌಟ್‌ನಿಂದ ತುಂಬಿಸಿ.

ಬಾಜೂ ಮನೆಯ ಪಾಯದ ಆಳವನ್ನೂ ತಿಳಿಯಬೇಕು. ಅವರ ಒಪ್ಪಿಗೆಯಿಂದ ಒಂದು ಸಣ್ಣ ಗುಂಡಿ ತೋಡಿ ನೋಡುವುದೇ ಸರಿಯಾದ ದಾರಿ. 45 ಸೆಂಟಿಮೀಟರ್ ದಪ್ಪ, 6 ಮೀಟರ್ ಎತ್ತರದ ಕಲ್ಲು ಗೋಡೆ ಎಂದರೆ ಉದ್ದದ ಒಂದೊಂದು ಮೀಟರ್‌ಗೆ ಗೋಡೆಯ ತೂಕವೇ 6ರಿಂದ 7 ಟನ್. ಮಾಳಿಗೆಯ ಮಣ್ಣು ಬೇರೆ. ಇದನ್ನೆಲ್ಲ ನಿಮ್ಮ ತಡೆಗೋಡೆಯ ಡಿಸೈನಿನಲ್ಲಿ ಹಿಡಿಯಬೇಕು.

ಕಾನೂನಿನ ಮಾತು ಚಿಕ್ಕದಾಗಿ. ಪಕ್ಕದ ನೆಲದಿಂದ ತನ್ನ ನೆಲಕ್ಕೆ ಸಹಜವಾಗಿ ಸಿಗುವ ಆಸರೆ ಪ್ರತಿ ಮಾಲೀಕನ ಹಕ್ಕು ಎಂದು 1882ರ ಭಾರತೀಯ ಈಸ್ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. "ನನ್ನ ಜಾಗ, ನಾನು ಅಗೀತೀನಿ" ಎಂಬ ವಾದ ನಿಲ್ಲುವುದಿಲ್ಲ.

2. ಮಣ್ಣು: ಮೇಲೆ ಎರೆ, ಕೆಳಗೆ ಗರಸು, ಅದರ ಕೆಳಗೆ ಪದರುಗಲ್ಲು

ಹುಬ್ಬಳ್ಳಿಯ ಬಹುಪಾಲು ಕಡೆ ಮೇಲೆ ಎರೆಮಣ್ಣು. ಧಾರವಾಡದ ಕಡೆ ಹೋದಂತೆ ಕೆಂಪು ಮಸಾರಿ ಜಾಸ್ತಿ. ಕೆಳಗೆ ಗರಸು, ಅದರ ಕೆಳಗೆ ಶಿಥಿಲವಾದ ಪದರುಗಲ್ಲು. ಎರೆ ಎಷ್ಟು ಆಳಕ್ಕಿದೆ ಎಂಬುದು ಒಂದೇ ಓಣಿಯಲ್ಲಿ ಬದಲಾಗಬಹುದು. ಹಾಗಾಗಿ "ಬಾಜೂ ಬಿಲ್ಡಿಂಗ್‌ನ ರಿಪೋರ್ಟ್ ಐತಿ, ಸಾಕು" ಎನ್ನುವವರ ಮಾತು ಕೇಳಬೇಡಿ. ನಿಮ್ಮ ಸೈಟಿನ ಮೂಲೆಗಳಲ್ಲೇ ಬೋರ್ ಹಾಕಿಸಿ. ಆಳ ಕನಿಷ್ಠ ಗುಂಡಿಯ ಒಂದೂವರೆ ಪಟ್ಟು. ನಮ್ಮ 7 ಮೀಟರ್ ಗುಂಡಿಗೆ 11-12 ಮೀಟರ್ ಇರಲಿ.

ರಿಪೋರ್ಟ್‌ನಲ್ಲಿ ಬರೀ ಭಾರ ತಡೆಯುವ ಶಕ್ತಿ ಇದ್ದರೆ ಅದು ನಿಮ್ಮ ಕೆಲಸಕ್ಕೆ ಬಾರದು. ಕೇಳಬೇಕಾದವು: ಪದರ ಪದರಕ್ಕೂ ಎಸ್‌ಪಿಟಿ ಎಣಿಕೆ (ಮಣ್ಣು ಎಷ್ಟು ಗಟ್ಟಿ ಎಂದು ತೋರಿಸುವ ಹೊಡೆತಗಳ ಲೆಕ್ಕ), ಎರೆಮಣ್ಣಿನ ಫ್ರೀ ಸ್ವೆಲ್ ಇಂಡೆಕ್ಸ್ (ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂಬ ಅಳತೆ) ಮತ್ತು ಉಬ್ಬುವ ಒತ್ತಡ, ಕತ್ತರಿ ಬಲದ (ಮಣ್ಣು ಜಾರದೆ ತಡೆಯುವ ಶಕ್ತಿಯ) ಪರೀಕ್ಷೆ, ನೀರಿನ ಮಟ್ಟ. ಫ್ರೀ ಸ್ವೆಲ್ ಶೇ. 50 ದಾಟಿತೆಂದರೆ ಹುಷಾರಾಗಿ. ಒದ್ದೆಯಾದಾಗ ಈ ಮಣ್ಣು ಉಬ್ಬಿ ಗೋಡೆಯನ್ನು ತಳ್ಳುತ್ತದೆ. ಒಣಗಿದಾಗ ಹಿಂದೆ ಸರಿದು ಬಿರುಕು ಬಿಡುತ್ತದೆ, ಮುಂದಿನ ಮಳೆಗೆ ನೀರು ಇಳಿಯಲು ಅದೇ ದಾರಿ.

ಪದರುಗಲ್ಲು ಬಂದಾಗ "ಕಲ್ಲು ಹತ್ತಿತು, ಇನ್ನು ಚಿಂತೆಯಿಲ್ಲ" ಎಂದು ನಿರಾಳವಾಗುವವರೇ ಜಾಸ್ತಿ. ಪದರು ಯಾವ ಕಡೆಗೆ ಇಳಿಜಾರಾಗಿದೆ ಅಂತ ಮೊದಲು ನೋಡಿ. ಪೂರ್ವಕ್ಕೆ ಇಳಿದಿದ್ದರೆ ಗುಂಡಿಯ ಪಶ್ಚಿಮ ಬದಿಯ ಕಲ್ಲು ಹಾಳೆ ಹಾಳೆಯಾಗಿ ಗುಂಡಿಯೊಳಗೆ ಜಾರಬಹುದು. ಪದರುಗಳ ನಡುವಿನ ಜೇಡಿ ಒದ್ದೆಯಾದರೆ ಇನ್ನೂ ಸಲೀಸು. ಎದುರು ಬದಿ ಅದೇ ಕಲ್ಲಿನಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಹಾಗಾಗಿ ನಾಲ್ಕೂ ಬದಿಗೆ ಒಂದೇ ಡಿಸೈನ್ ಹಾಕುವುದು ಸರಿಯಲ್ಲ.

3. ಎಷ್ಟು ಸರಿದರೆ ನಡೆಯುತ್ತದೆ?

ಸೊನ್ನೆ ಎಂಬ ಉತ್ತರ ಇಲ್ಲ. ಅಗೆದರೆ ನೆಲ ಅಲುಗಿಯೇ ಅಲುಗುತ್ತದೆ. ಕ್ಲಫ್ ಮತ್ತು ಓ'ರೂರ್ಕ್ ಎಂಬ ಸಂಶೋಧಕರು 1990ರಲ್ಲಿ ಹಲವು ಸೈಟುಗಳ ಅಳತೆ ಸೇರಿಸಿ ನೋಡಿದಾಗ, ಗಟ್ಟಿ ಜೇಡಿ, ಮರಳು, ಶಿಥಿಲ ಕಲ್ಲಿನ ಮಣ್ಣುಗಳಲ್ಲಿ ಗೋಡೆಯ ಗರಿಷ್ಠ ಸರಿತ ಸರಾಸರಿ ಗುಂಡಿ ಆಳದ ಶೇ. 0.2, ಹಿಂದಿನ ನೆಲದ ಕುಸಿತ ಶೇ. 0.15ರ ಆಸುಪಾಸು ಬಂತು. 7 ಮೀಟರ್‌ಗೆ ಲೆಕ್ಕ ಹಾಕಿದರೆ ಗೋಡೆ 14 ಮಿ.ಮೀ., ನೆಲ 10-11 ಮಿ.ಮೀ. ಇದು ಸರಾಸರಿ, ಅದೂ ಕೆಲಸ ಚೆನ್ನಾಗಿ ಮಾಡಿದರೆ. ಗಟ್ಟಿ ಜೇಡಿಯಲ್ಲಿ ಪರಿಣಾಮ ಆಳದ ಮೂರು ಪಟ್ಟು ದೂರದವರೆಗೂ ಹೋಗಬಹುದು. ಅಂದರೆ 21 ಮೀಟರ್. ಬಾಜೂ ಮನೆಯಷ್ಟೇ ಅಲ್ಲ, ಅದರ ಬಾಜೂ ಮನೆಯೂ ಲೆಕ್ಕಕ್ಕೆ ಬಂತು.

ಮನೆ ಪೂರ್ತಿ ಒಂದೇ ಸಮ ಇಳಿದರೆ ದೊಡ್ಡ ತೊಂದರೆಯಿಲ್ಲ. ಒಂದು ತುದಿ ಜಾಸ್ತಿ, ಇನ್ನೊಂದು ಕಡಿಮೆ ಇಳಿದಾಗ ಗೋಡೆ ಸೀಳುತ್ತದೆ. ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಸಂಶೋಧಕರು 1956ರಲ್ಲಿ ಹೇಳಿದ ಅಳತೆ ಇಂದಿಗೂ ಬಳಕೆಯಲ್ಲಿದೆ: ಇಳಿತದ ವ್ಯತ್ಯಾಸವನ್ನು ದೂರದಿಂದ ಭಾಗಿಸಿದಾಗ 1/300 ಬಂದರೆ ಗೋಡೆಗಳಲ್ಲಿ ಬಿರುಕು, 1/150 ಬಂದರೆ ಕಟ್ಟಡಕ್ಕೇ ಪೆಟ್ಟು. ಮಣ್ಣಿನ ಗಾರೆಯ ಹಳೆ ಗೋಡೆಗೆ ನಾನು 1/1000 ಮೀರಬಾರದು ಎನ್ನುತ್ತೇನೆ. ನಮ್ಮ ಉದಾಹರಣೆಯಲ್ಲಿ ಗುಂಡಿಯಿಂದ 2 ಮೀಟರ್ ದೂರದ ಗೋಡೆ 10 ಮಿ.ಮೀ., 8 ಮೀಟರ್ ದೂರದ ಗೋಡೆ 4 ಮಿ.ಮೀ. ಇಳಿಯಿತು ಅನ್ನಿ. 6 ಮೀಟರ್‌ನಲ್ಲಿ 6 ಮಿ.ಮೀ. ವ್ಯತ್ಯಾಸ, ಸರಿಯಾಗಿ 1/1000. ಹಾಗಾದರೆ ಗೋಡೆ ಸರಿತಕ್ಕೆ 14 ಮಿ.ಮೀ. ಬದಲು 10 ಮಿ.ಮೀ. ಗುರಿ ಇಟ್ಟುಕೊಳ್ಳಿ. ಈ ಅಂಕಿಯನ್ನು ಡ್ರಾಯಿಂಗ್ ಮೇಲೇ ಬರೆಸಿ. ಡ್ರಾಯಿಂಗ್‌ನಲ್ಲಿ ಇಲ್ಲದ್ದು ಸೈಟಿಗೆ ಬರುವುದಿಲ್ಲ.

4. ಯಾವ ಗೋಡೆ?

ಇಕ್ಕಟ್ಟಿನ ಸೈಟಿಗೆ ನಮ್ಮಲ್ಲಿ ಹೊಂದುವುದು ಪಕ್ಕ ಪಕ್ಕ ಕೊರೆದ ಕಾಂಕ್ರೀಟ್ ಪೈಲ್‌ಗಳ ಗೋಡೆ, ಅಂದರೆ ಕಂಟಿಗ್ಯುಯಸ್ ಪೈಲ್. ನೀರು ಜಾಸ್ತಿ ಇದ್ದರೆ ಒಂದರೊಳಗೊಂದು ಕಚ್ಚಿಕೊಂಡ ಸೀಕೆಂಟ್ ಪೈಲ್. ಡಯಾಫ್ರಾಮ್ ಗೋಡೆ (ಉದ್ದ ಕಂದಕ ತೋಡಿ ಕಾಂಕ್ರೀಟ್ ತುಂಬಿದ ಗೋಡೆ) ಒಳ್ಳೆಯದೇ, ಆದರೆ ಅದರ ಮಷಿನ್ ನಿಲ್ಲಲು ಜಾಗ ಬೇಕು. ಐ-ಸೆಕ್ಷನ್ ನೆಟ್ಟು ನಡುವೆ ಹಲಗೆ ಕೊಡುವ ಪದ್ಧತಿ ಅಗ್ಗ, ಆದರೆ ಹಲಗೆ ಹಿಂದೆ ಪೊಳ್ಳು ಉಳಿಯುತ್ತದೆ. ಪಕ್ಕದಲ್ಲಿ ಮನೆ ಇಲ್ಲದ ಬದಿಗೆ ಮಾತ್ರ ಇದು ಸಾಕು. ಬಡಿದು ಇಳಿಸುವ ಶೀಟ್ ಪೈಲ್ ಹಳೆ ಮನೆ ಹತ್ತಿರ ಬೇಡವೇ ಬೇಡ.

450 ಮಿ.ಮೀ. ಪೈಲ್ ಬದಲು 600 ಮಿ.ಮೀ. ಹಾಕಿದರೆ ಒಂದೊಂದು ಪೈಲ್‌ನ ಬಿಗಿತ ಮೂರು ಪಟ್ಟು ಮೀರಿ ಏರುತ್ತದೆ. ಪೈಲ್ ಸಂಖ್ಯೆ ಕಡಿಮೆಯಾಗುವುದರಿಂದ ಗೋಡೆಯ ಒಂದು ಮೀಟರ್‌ಗೆ ಲೆಕ್ಕ ಹಾಕಿದರೆ ಎರಡು ಪಟ್ಟಿಗಿಂತ ತುಸು ಜಾಸ್ತಿ. ಕಡಿಮೆಯೇನಲ್ಲ. ಆದರೆ ಮುಂದಿನ ಹಂತದಲ್ಲಿ ಬರುವ ಸ್ಟ್ರಟ್ (ಅಡ್ಡ ಆನಿಕೆ) ಅಂತರದ ಮುಂದೆ ಇದು ಸಣ್ಣದು.

ಡಿಸೈನರ್‌ಗೆ ಕೇಳಲೇಬೇಕಾದ ಒಂದು ಪ್ರಶ್ನೆ: ಯಾವ ಮಣ್ಣಿನ ಒತ್ತಡ ಹಿಡಿದಿದ್ದೀರಿ? ಸಾಮಾನ್ಯವಾಗಿ "ಆಕ್ಟಿವ್" ಒತ್ತಡ ಹಿಡಿಯುತ್ತಾರೆ. ಗೋಡೆ ಸ್ವಲ್ಪ ಮುಂದೆ ಸರಿದು ಮಣ್ಣು ಸಡಿಲವಾದ ಮೇಲೆ ಉಳಿಯುವ ಒತ್ತಡ ಅದು. ಅಂದರೆ ಸರಿಯಲಿ ಎಂದು ಮೊದಲೇ ಒಪ್ಪಿಕೊಂಡ ಹಾಗೆ! ಸರಿಯಬಾರದು ಎಂದಾದರೆ ನಿಂತ ಮಣ್ಣಿನ ಒತ್ತಡ, ಅಂದರೆ "ಅಟ್ ರೆಸ್ಟ್" ಹಿಡಿಯಬೇಕು. ಘರ್ಷಣೆ ಕೋನ (ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದು ನಿಲ್ಲುವುದರ ಅಳತೆ) 30 ಡಿಗ್ರಿ ಇರುವ ಮಣ್ಣಿಗೆ ಮೊದಲನೆಯದರ ಗುಣಾಂಕ 0.33, ಎರಡನೆಯದು 0.5. ಒಂದೂವರೆ ಪಟ್ಟು ವ್ಯತ್ಯಾಸ. ಎರೆಮಣ್ಣಿನ ಉಬ್ಬುವ ಒತ್ತಡ, ಬಾಜೂ ಮನೆಯ ತೂಕ ಇದರ ಮೇಲೆ.

ಪೈಲ್ ಕೊರೆಯುವಾಗಲೂ ನೆಲ ಅಲುಗುತ್ತದೆ. ಪಕ್ಕಪಕ್ಕದ ಪೈಲ್‌ಗಳನ್ನು ಒಂದೇ ದಿನ ಕೊರೆಯಬೇಡಿ. 1, 4, 7 ಎಂದು ಬಿಟ್ಟು ಬಿಟ್ಟು ಮಾಡಿ. ಕೊರೆದ ತೂತನ್ನು ರಾತ್ರಿ ತೆರೆದು ಬಿಡದೆ ಅವತ್ತೇ ಕಾಂಕ್ರೀಟ್ ತುಂಬಿ. ಸಡಿಲ ಭರ್ತಿ ಮಣ್ಣಿದ್ದರೆ ಕೇಸಿಂಗ್ (ತೂತು ಕುಸಿಯದಂತೆ ಇಳಿಸುವ ಕೊಳವೆ) ಇರಲಿ. ಎಲ್ಲ ಮುಗಿದ ಮೇಲೆ ಪೈಲ್‌ಗಳ ತಲೆ ಸೇರಿಸಿ ಕ್ಯಾಪಿಂಗ್ ಬೀಮ್ ಹಾಕಿ, ಅದು ಗಟ್ಟಿಯಾಗುವವರೆಗೆ ಹಿಟಾಚಿಯನ್ನು ಸೈಟಿಗೆ ಕರೆಯಲೇಬೇಡಿ. ಬಂದು ನಿಂತ ಹಿಟಾಚಿಗೆ ತಾಸಿನ ಬಾಡಿಗೆ ಓಡುತ್ತಿರುತ್ತದೆ, ಅದು ಸುಮ್ನೆ ನಿಲ್ಲುವುದಿಲ್ಲ.

5. ಸ್ಟ್ರಟ್: ಎಲ್ಲಿ, ಎಷ್ಟು, ಹೇಗೆ

ಗುಂಡಿಯ ಒಂದು ಗೋಡೆಯಿಂದ ಎದುರು ಗೋಡೆಗೆ ಕೊಡುವ ಅಡ್ಡ ಆನಿಕೆಯೇ ಸ್ಟ್ರಟ್. ಗೋಡೆಯುದ್ದಕ್ಕೂ ಮಲಗಿ ಸ್ಟ್ರಟ್‌ಗೆ ಭಾರ ಮುಟ್ಟಿಸುವ ಬೀಮ್ ವೇಲರ್. ಗೋಡೆಯ ಹಿಂದೆ ನೆಲದೊಳಕ್ಕೆ ಆಂಕರ್ (ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ಉಕ್ಕಿನ ಎಳೆ) ಕೊಟ್ಟರೆ ಗುಂಡಿಯೊಳಗೆ ಅಡ್ಡಿಯಿರುವುದಿಲ್ಲ. ಆದರೆ ಆಂಕರ್ ಬಾಜೂದವರ ಜಾಗದ ಕೆಳಗೆ ಹೋಗುತ್ತದೆ. ಅವರ ಬರಹದ ಒಪ್ಪಿಗೆ ಬೇಕು, ಬೋರ್‌ವೆಲ್, ಹಗೇವು ಅಡ್ಡ ಬರಬಾರದು. ಊರ ನಡುವೆ ಸ್ಟ್ರಟ್ಟೇ ವಾಸಿ.

ಬುಡ ಗಟ್ಟಿಯಾಗಿ ನಿಂತ, ಆನಿಕೆಯಿಲ್ಲದ ಗೋಡೆಯ ತಲೆ ಎಷ್ಟು ಬಾಗುತ್ತದೆ ಎಂಬುದು ಎತ್ತರದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಮೊದಲ ಸ್ಟ್ರಟ್ ಹಾಕುವ ಮೊದಲು 2 ಮೀಟರ್ ಬದಲು 3 ಮೀಟರ್ ಅಗೆದರೆ ಬಾಗು ಏಳೂವರೆ ಪಟ್ಟು. ಒಂದೇ ಮೀಟರ್ ಜಾಸ್ತಿ ಅಗೆದದ್ದಕ್ಕೆ! ಸ್ಟ್ರಟ್‌ಗಳ ನಡುವಿನ ಅಂತರದ ಲೆಕ್ಕವೂ ಹೀಗೇ. ಒತ್ತಡ ಅಷ್ಟೇ ಇದ್ದರೂ 2 ಮೀಟರ್ ಅಂತರ 3 ಮೀಟರ್ ಆದರೆ ನಡುವಿನ ಬಾಗು ಐದು ಪಟ್ಟು. ನಿಜವಾದ ಮಣ್ಣಿನಲ್ಲಿ ಅಂಕಿ ಬೇರೆ ಬರುತ್ತದೆ, ಆದರೆ ದಿಕ್ಕು ಇದೇ. ಪೈಲ್ ದಪ್ಪ ಮಾಡುವ ದುಡ್ಡಿನಲ್ಲಿ ಇನ್ನೊಂದು ಸಾಲು ಸ್ಟ್ರಟ್ ಹಾಕಬಹುದಾ ಅಂತ ಮೊದಲು ನೋಡಿ.

7 ಮೀಟರ್‌ಗೆ ನಾನು ಇಡುವುದು: ಮೊದಲ ಸಾಲು ಕ್ಯಾಪಿಂಗ್ ಬೀಮ್ ಮಟ್ಟದಲ್ಲೇ, ಎರಡನೆಯದು 3 ಮೀಟರ್ ಆಸುಪಾಸು, ಬೇಕಾದರೆ ಮೂರನೆಯದು 5 ಮೀಟರ್‌ನಲ್ಲಿ. ಬೇಸ್‌ಮೆಂಟ್ ಸ್ಲ್ಯಾಬ್ ಬರುವ ಮಟ್ಟ ತಪ್ಪಿಸಿ ಇಡಿ, ಇಲ್ಲದಿದ್ದರೆ ಸ್ಲ್ಯಾಬ್ ಹಾಕುವಾಗ ಪೇಚಾಟ. ಮೂಲೆಗಳಲ್ಲಿ ಕರ್ಣಕ್ಕೆ ಸ್ಟ್ರಟ್ ಕೊಟ್ಟರೆ ನಡುವೆ ಮಷಿನ್ ಓಡಾಡಲು ಜಾಗ ಸಿಗುತ್ತದೆ.

ಸ್ಟ್ರಟ್ ಇಟ್ಟರೆ ಸಾಲದು, ಅದು ಬಿಗಿಯಾಗಿ ಕೂರಬೇಕು. ವೇಲರ್ ಮತ್ತು ಪೈಲ್ ನಡುವೆ 8 ಮಿ.ಮೀ. ಸಂದು ಉಳಿದರೆ ಗೋಡೆ ಆ 8 ಮಿ.ಮೀ. ಸರಿದ ಮೇಲೆಯೇ ಸ್ಟ್ರಟ್‌ಗೆ ಭಾರ ಬರುತ್ತದೆ. ನಮ್ಮ ಗುರಿ ಇದ್ದದ್ದೇ 10 ಮಿ.ಮೀ. ಅಲ್ವಾ? ಹಾಗಾಗಿ ಪ್ರತಿ ಪೈಲ್ ಮುಂದೆ ವೇಲರ್ ಹಿಂದೆ ಕುಗ್ಗದ ಗ್ರೌಟ್ ತುಂಬಿಸಿ. ಆಮೇಲೆ ಹೈಡ್ರಾಲಿಕ್ ಜ್ಯಾಕ್‌ನಿಂದ ಸ್ಟ್ರಟ್‌ಗೆ ಮೊದಲೇ ಒತ್ತಡ ಕೊಡಿ. ಲೆಕ್ಕದ ಭಾರದ ಅರ್ಧದಷ್ಟು ಕೊಡುವುದು ರೂಢಿ. ಒತ್ತಡ ಇರುವಾಗಲೇ ಬೆಣೆ ಬಡಿದು ವೆಲ್ಡ್ ಮಾಡಿ ಜ್ಯಾಕ್ ತೆಗೆಯಿರಿ. ಮರದ ಬೆಣೆ ಬೇಡ, ಕುಗ್ಗುತ್ತದೆ.

ಸೇರುವ ಜಾಗಗಳೇ ಪ್ರಾಣ. ಸ್ಟ್ರಟ್ ಒತ್ತುವ ಕಡೆ ವೇಲರ್‌ನ ತೆಳು ಭಾಗ ಮಡಚದಂತೆ ಸ್ಟಿಫ್ನರ್ ಪ್ಲೇಟ್ ಇರಲೇಬೇಕು. 2004ರ ಏಪ್ರಿಲ್ 20ರಂದು ಸಿಂಗಪುರದಲ್ಲಿ ಮೆಟ್ರೊ ಸುರಂಗಕ್ಕೆ ತೋಡಿದ ಆಳದ ಗುಂಡಿ ಕುಸಿದು ನಿಕೋಲ್ ಹೈವೇ ಮುರಿದುಬಿತ್ತು, ನಾಲ್ವರು ಸತ್ತರು. ಸ್ಟ್ರಟ್-ವೇಲರ್ ಸೇರುವೆ ಸೋತದ್ದು ಅಲ್ಲಿಯ ಮುಖ್ಯ ಕಾರಣಗಳಲ್ಲಿ ಒಂದು. ಅಳತೆಗಳು ಎಚ್ಚರಿಸಿದರೂ ಕೆಲಸ ನಿಲ್ಲದ್ದು ಇನ್ನೊಂದು.

ಏಪ್ರಿಲ್-ಮೇ ಬಿಸಿಲಿಗೂ ಲೆಕ್ಕ ಇಡಿ. 12 ಮೀಟರ್ ಉದ್ದದ ಉಕ್ಕಿನ ಸ್ಟ್ರಟ್ 25 ಡಿಗ್ರಿ ಬಿಸಿಯೇರಿದರೆ 3.6 ಮಿ.ಮೀ. ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗ ಇಲ್ಲದ್ದರಿಂದ ಒಳಗಿನ ಭಾರ ಏರುತ್ತದೆ. ಬಿಳಿ ಬಣ್ಣ ಬಳಿದರೆ, ಮೇಲೆ ನೆರಳಿನ ಬಲೆ ಕಟ್ಟಿದರೆ ಎಷ್ಟೋ ಕಡಿಮೆಯಾಗುತ್ತದೆ.

6. ಅಗೆಯುವ ಕ್ರಮ

ಇಡೀ ಕೆಲಸದ ಹೃದಯ ಇದು. ಕಾಗದದ ಮೇಲೆ ಎಷ್ಟೇ ಒಳ್ಳೆ ಡಿಸೈನ್ ಇದ್ದರೂ ಇಲ್ಲಿ ಕೈ ತಪ್ಪಿದರೆ ಬಾಜೂ ಗೋಡೆಯಲ್ಲಿ ಬಿರುಕು.

ಕ್ಯಾಪಿಂಗ್ ಬೀಮ್ ಮಟ್ಟದ ಸ್ಟ್ರಟ್ ಮೊದಲು ಹಾಕಿ, ಅದಕ್ಕೆ ಒತ್ತಡ ಕೊಡಿ. ಆಮೇಲೆ ಎರಡನೇ ಸಾಲಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿನವರೆಗೆ ಮಾತ್ರ ಅಗೆಯಿರಿ. ಆ ಅರ್ಧ ಮೀಟರ್ ವೆಲ್ಡರ್ ನಿಂತು ಕೆಲಸ ಮಾಡಲು. ಅಲ್ಲಿ ನಿಲ್ಲಿ. ಎರಡನೇ ಸ್ಟ್ರಟ್ ಬಿಗಿಯಾಗುವವರೆಗೆ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ. ನಮ್ಮಲ್ಲಿ ಆಗುವುದೇನು? ಫ್ಯಾಬ್ರಿಕೇಶನ್‌ನವರು ನಾಳೆ ಬರುತ್ತೇವೆ ಎನ್ನುತ್ತಾರೆ, ಟಿಪ್ಪರ್‌ಗಳು ಸಾಲುಗಟ್ಟಿ ನಿಂತಿವೆ, "ಇರ್ಲಿ ಬಿಡ್ರಿ, ಇನ್ನೊಂದ್ ಮೀಟರ್ ಹೊಡಿತೀವಿ" ಎಂದು ಆಪರೇಟರ್ ಇಳಿಸಿಬಿಡುತ್ತಾನೆ. ಇದನ್ನು ತಡೆಯಲು ಬಾಯಿಮಾತು ಸಾಲದು. ಪೈಲ್‌ಗಳ ಮೇಲೆ ಪ್ರತಿ ಹಂತದ ಮಟ್ಟಕ್ಕೆ ಕೆಂಪು ಪಟ್ಟಿ ಬಳಿಸಿ. ಬಕೆಟ್ ಪಟ್ಟಿ ಮುಟ್ಟಿದಲ್ಲಿಗೆ ಅವತ್ತಿನ ಬಾಡಿಗೆ ಮುಗಿಯಿತು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಸ್ಟ್ರಟ್‌ಗಳನ್ನು ಮಾತ್ರ ಅಗೆತಕ್ಕೆ ಮೊದಲೇ ಅಳತೆಗೆ ಕತ್ತರಿಸಿ ಸೈಟಿನಲ್ಲಿ ತಂದಿಟ್ಟುಕೊಂಡಿರಬೇಕು.

ಇಡೀ ಗುಂಡಿಯನ್ನು ಒಂದೇ ಸಲ ಇಳಿಸಬೇಡಿ. ಮೊದಲು ನಡುವಿನ ಮಣ್ಣು ತೆಗೆದು, ಗೋಡೆ ಬುಡಕ್ಕೆ 2-3 ಮೀಟರ್ ಅಗಲದ ಮಣ್ಣಿನ ದಿಬ್ಬ ಬಿಡಿ. ಆ ದಿಬ್ಬವೇ ಆಗಿನ ಆನಿಕೆ. ಆಮೇಲೆ ದಿಬ್ಬವನ್ನು 4-5 ಮೀಟರ್ ಉದ್ದದ ತುಂಡು ತುಂಡಾಗಿ ತೆಗೆಯಿರಿ. ಒಂದು ತುಂಡು ತೆಗೆದ ದಿನವೇ ಅಲ್ಲಿ ಪೈಲ್‌ಗಳ ಸಂದಿಗೆ ಜಾಲಿ ಕಟ್ಟಿ ಶಾಟ್‌ಕ್ರೀಟ್ (ಪೈಪಿನಿಂದ ಸಿಡಿಸುವ ಕಾಂಕ್ರೀಟ್) ಹೊಡೆದು, ವೇಲರ್ ಕೂರಿಸಿ, ಸ್ಟ್ರಟ್ ಕೊಟ್ಟು ಮುಂದಿನ ತುಂಡಿಗೆ ಹೋಗಬೇಕು. ಬಾಜೂ ಮನೆ ಇರುವ ಬದಿಯನ್ನು ಕೊನೆಗೆ ತೆಗೆಯಿರಿ, ಚಿಕ್ಕ ಚಿಕ್ಕ ತುಂಡಾಗಿ ತೆಗೆಯಿರಿ. ಗುಂಡಿಯ ಮೂಲೆಗಳು ತಾವೇ ಬಿಗಿ. ಉದ್ದ ಬದಿಯ ನಡುಭಾಗವೇ ಜಾಸ್ತಿ ಉಬ್ಬುವುದು. ಶ್ರಮವೆಲ್ಲ ಅಲ್ಲಿಗೆ ಹಾಕಿ.

ಎರೆಮಣ್ಣು, ಜೇಡಿ ಇವು ಹೊತ್ತು ಕಳೆದಂತೆ ನಿಧಾನ ಹರಿಯುತ್ತವೆ. ಬೆಳಗ್ಗೆ ಗಟ್ಟಿಯಾಗಿ ನಿಂತಂತೆ ಕಂಡ ಮಣ್ಣು ವಾರದಲ್ಲಿ ಸರಿದಿರುತ್ತದೆ. ಹಾಗಾಗಿ ಹಬ್ಬ, ಮದುವೆ ಸೀಸನ್, ಕೂಲಿಯವರು ಊರಿಗೆ ಹೋಗುವ ದಿನ, ಇವನ್ನೆಲ್ಲ ನೋಡಿಕೊಂಡು ಹಂತಗಳನ್ನು ಹಾಕಿಕೊಳ್ಳಿ. ಗಣೇಶ ಚೌತಿಗೆ ಅರ್ಧ ಅಗೆದ ಬದಿಯನ್ನು ಬಿಟ್ಟು ಹೋಗುವುದಕ್ಕಿಂತ ಕೆಟ್ಟದ್ದು ಇಲ್ಲ.

ತಳ ಮುಟ್ಟಿದ ಜಾಗಕ್ಕೆ ಅವತ್ತೇ 100-150 ಮಿ.ಮೀ. ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್) ಹಾಕಿ, ಗೋಡೆಗೆ ತಾಗಿಸಿ. ಕೊನೆಯ ಹಂತದಲ್ಲಿ ಗೋಡೆಯ ಬುಡ ಒಳಗೆ ಸರಿಯುವುದನ್ನು ಇದು ತಡೆಯುತ್ತದೆ. ತಳವೆಲ್ಲ ಅಗೆದ ಮೇಲೆ ಒಟ್ಟಿಗೆ ಹಾಕುತ್ತೇವೆ ಎಂದು ಕಾಯಬೇಡಿ. ಲಿಫ್ಟ್ ಗುಂಡಿ, ಸಂಪ್ ಮುಂತಾದ ಇನ್ನೂ ಆಳದ ಗುಂಡಿಗಳನ್ನು ಗೋಡೆ ಬುಡದಿಂದ ದೂರ ಇಡುವಂತೆ ಆರ್ಕಿಟೆಕ್ಟ್‌ಗೆ ಮೊದಲೇ ಹೇಳಿ.

ಅಗೆದ ಮಣ್ಣನ್ನು ಗುಂಡಿಯ ದಂಡೆಯಲ್ಲಿ ಗುಡ್ಡೆ ಹಾಕಬೇಡಿ. ತುಂಬಿದ ದೊಡ್ಡ ಟಿಪ್ಪರ್ 25 ಟನ್ ಮೀರುತ್ತದೆ, ಅದು ನಿಲ್ಲುವ ಜಾಗ ಡ್ರಾಯಿಂಗ್‌ನಲ್ಲೇ ಇರಲಿ. ಸಿಮೆಂಟ್, ಕಬ್ಬಿಣ, ಜಲ್ಲಿ ಬಾಜೂ ಮನೆ ಕಡೆಯ ದಂಡೆಗೆ ಬೇಡ.

7. ನೀರು

ಬೇಸಿಗೆಯಲ್ಲಿ ಎರೆಮಣ್ಣು ಬಿಡುವ ಬಿರುಕಿಗೆ ಮಳೆ ನೀರು ತುಂಬಿದಾಗ ಏನಾಗುತ್ತದೆ ನೋಡಿ. 2 ಮೀಟರ್ ಆಳದ ಬಿರುಕು ತುಂಬಿದರೆ ಗೋಡೆಯ ಒಂದು ಮೀಟರ್ ಉದ್ದಕ್ಕೆ 2 ಟನ್ ತಳ್ಳು. 3 ಮೀಟರ್ ಬಿರುಕಿಗೆ ನಾಲ್ಕೂವರೆ ಟನ್. ಮಳೆ ಬಂದ ಒಂದು ತಾಸಿನಲ್ಲಿ ಇಷ್ಟು ಭಾರ ಹೊಸದಾಗಿ ಬಂದು ಕೂರುತ್ತದೆ. ಏಪ್ರಿಲ್-ಮೇದ ಅಡ್ಡಮಳೆಗೆ ಗುಂಡಿಗಳು ಕುಸಿಯಲು ಇದೊಂದು ದೊಡ್ಡ ಕಾರಣ.

ಹಾಗಾಗಿ ಗೋಡೆಯ ಹಿಂದಿನ ನೆಲದ ಬಿರುಕು ಮುಚ್ಚಿ, ಮೇಲೆ ತೆಳು ಪಿಸಿಸಿ ಹಾಕಿ, ನೀರು ಗುಂಡಿಯಿಂದಾಚೆ ಹರಿಯುವಂತೆ ಇಳುಕಲು ಕೊಡಿ. ಜಾಗ ಬಾಜೂದವರದ್ದಾದರೆ ಒಪ್ಪಿಗೆ ಕೇಳಿ ಟಾರ್ಪಾಲ್ ಆದರೂ ಹಾಸಿ. ಅವರ ಬಚ್ಚಲ ನೀರು, ಮಾಳಿಗೆ ನೀರು ಬೀಳುವ ಜಾಗಕ್ಕೆ ನಿಮ್ಮ ಖರ್ಚಿನಲ್ಲೇ ಪೈಪ್ ಹಾಕಿಸಿ ಕೊಡಿ. ಇಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಈ ಕೆಲಸದಲ್ಲಿ ಬೇರೆಲ್ಲೂ ಇಲ್ಲ.

ಗುಂಡಿ ಬದಿಯಲ್ಲಿ ನೀರು ಒಸರತೊಡಗಿದರೆ ಎಲ್ಲಿಂದ ಎಂದು ಪತ್ತೆ ಹಚ್ಚಿ. ನಳ ಬಂದ ದಿನ ಮಾತ್ರ ಒಸರಿದರೆ ನೀರಿನ ಪೈಪ್ ಸೋರುತ್ತಿದೆ. ದಿನಾ ಬೆಳಗ್ಗೆ ಜಾಸ್ತಿಯಾಗಿ ವಾಸನೆ ಇದ್ದರೆ ಒಳಚರಂಡಿ. ಮಳೆಯಾದ ಎರಡು ಮೂರು ದಿನಕ್ಕೆ ಬಂದರೆ ಎರೆ ಮತ್ತು ಗರಸಿನ ಸಂದಿಯಲ್ಲಿ ನಿಂತ ನೀರು. ಸೋರುವ ಪೈಪನ್ನು ಪಾಲಿಕೆಗೆ ಹೇಳಿ ಸರಿಪಡಿಸಿದ ಮೇಲೆಯೇ ಮುಂದುವರಿಯಿರಿ.

ನೀರು ಹೊರ ಹಾಕುವಾಗ ಮಣ್ಣು ಹೋಗಬಾರದು. ಪಂಪ್‌ನ ನೀರನ್ನು ಒಂದು ಬಿಳಿ ಬಕೆಟ್‌ನಲ್ಲಿ ಹಿಡಿದು ಅರ್ಧ ತಾಸು ಇಡಿ. ತಳದಲ್ಲಿ ಮಣ್ಣು ಕೂತರೆ ಬಾಜೂ ಮನೆಯ ಕೆಳಗಿನ ಮಣ್ಣನ್ನೇ ನೀವು ಪಂಪ್ ಮಾಡುತ್ತಿದ್ದೀರಿ ಎಂದರ್ಥ. ಒಸರುವ ಜಾಗಕ್ಕೆ ಮಣ್ಣು ಸೋಸುವ ಬಟ್ಟೆ, ಅಂದರೆ ಜಿಯೋಟೆಕ್ಸ್‌ಟೈಲ್ ಸುತ್ತಿದ ತೂತಿನ ಪೈಪ್ ಕೊಟ್ಟು ಉಳಿದದ್ದನ್ನು ಶಾಟ್‌ಕ್ರೀಟ್‌ನಿಂದ ಮುಚ್ಚಿ. ಇನ್ನೊಂದು ಎಚ್ಚರ: ಅಂತರ್ಜಲ ಒಂದು ಮೀಟರ್ ಇಳಿದರೆ ಕೆಳಗಿನ ಮಣ್ಣಿನ ಕಣಗಳ ಮೇಲೆ ಚದರ ಮೀಟರ್‌ಗೆ ಒಂದು ಟನ್ ಭಾರ ಹೆಚ್ಚಿದ ಹಾಗೆ. ಗೋಡೆ ಒಂದಿಷ್ಟೂ ಸರಿಯದೆಯೇ ಬಾಜೂ ಮನೆ ಇಳಿಯಬಹುದು. ಗೋಡೆ ಹಿಂದೆ ಒಂದು ನೀರಿನ ಮಟ್ಟದ ಪೈಪ್ ಇಟ್ಟು ನೋಡುತ್ತಿರಿ.

ಆದಷ್ಟೂ ದೀಪಾವಳಿ ಮುಗಿದ ಮೇಲೆ ಅಗೆತ ಶುರು ಮಾಡಿ ಮಾರ್ಚ್‌ನೊಳಗೆ ತಳದ ರ‍್ಯಾಫ್ಟ್ (ತಳವಿಡೀ ಹರಡುವ ಕಾಂಕ್ರೀಟ್ ಪಾಯ) ಮುಗಿಸುವಂತೆ ಯೋಜಿಸಿ.

8. ಕಲ್ಲು ಒಡೆಯುವಾಗ

ಮನೆಗಳ ನಡುವೆ ಸಿಡಿಮದ್ದಿನ ಮಾತೇ ಬೇಡ. ಬ್ರೇಕರ್ ಹಚ್ಚುವ ಮೊದಲು ಗೋಡೆಗುಂಟ ಸಾಲಾಗಿ ತೂತು ಕೊರೆದು ಕಲ್ಲನ್ನು ಗೋಡೆಯಿಂದ ಬೇರೆ ಮಾಡಿ. ಗೋಡೆಗೆ ಹತ್ತಿದ ಕಲ್ಲಿಗೆ ಚಿಕ್ಕ ಬ್ರೇಕರ್ ಅಥವಾ ತೂತಿಗೆ ಹಾಕುವ ಉಬ್ಬುವ ಪುಡಿ ಸಾಕು. ಸೂಕ್ಷ್ಮವಾದ ಹಳೆ ಕಟ್ಟಡಗಳ ಪಾಯದಲ್ಲಿ ಕಡಿಮೆ ಆವರ್ತನದ ಕಂಪನ ಸೆಕೆಂಡಿಗೆ 3 ಮಿ.ಮೀ. ಮೀರಬಾರದು ಎಂದು ಜರ್ಮನಿಯ ಡಿನ್ 4150 ಮಾನದಂಡ ಹೇಳುತ್ತದೆ. ಕಂಪನ ಮೀಟರ್ ಬಾಡಿಗೆಗೆ ತಂದು ಮೊದಲ ದಿನವೇ ನೋಡಿ.

9. ಅಳತೆ, ಪ್ರತಿದಿನ

ಸಣ್ಣ ಸೈಟಿಗೂ ಇವಿಷ್ಟು ಬೇಕು. ಕ್ಯಾಪಿಂಗ್ ಬೀಮ್ ಮೇಲೆ 5 ಮೀಟರ್‌ಗೊಂದು ಗುರುತು, ಸರ್ವೆ ಮಾಡುವ ಟೋಟಲ್ ಸ್ಟೇಷನ್‌ನಿಂದ ಅಳೆಯಲು. ಬಾಜೂ ಮನೆ ಗೋಡೆಗಳಲ್ಲಿ ಇಳಿತದ ಗುರುತು, ಹತ್ತಿರದ ಗೋಡೆಗೂ ದೂರದ ಗೋಡೆಗೂ. ಹಳೆ ಬಿರುಕುಗಳ ಮೇಲೆ ತಾರೀಖು ಬರೆದ ಗಾಜಿನ ಪಟ್ಟಿ ಅಥವಾ ಬಿರುಕು ಗೇಜ್. ಬಾಜೂ ಮನೆ ಬದಿಯ ನಡುವಿನ ಒಂದು ಪೈಲ್‌ನಲ್ಲಾದರೂ ಇನ್‌ಕ್ಲಿನೋಮೀಟರ್ (ಆಳದುದ್ದಕ್ಕೂ ಬಾಗು ಅಳೆಯುವ ಸಾಧನ) ಪೈಪ್. ಇದು ಯಾಕೆಂದರೆ ಮೇಲೆ ಸ್ಟ್ರಟ್ ಇದ್ದಾಗ ಗೋಡೆಯ ತಲೆ ಅಲುಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಮೇಲಿನ ಗುರುತು ನೋಡಿ "ಏನೂ ಆಗಿಲ್ಲ" ಎಂದುಕೊಂಡರೆ ಮೋಸ ಹೋದಂತೆ.

ಅಳೆಯುವ ಮೂಲ ಬಿಂದು ಗುಂಡಿಯಿಂದ ಕನಿಷ್ಠ ಆಳದ ಮೂರು ಪಟ್ಟು ದೂರ ಇರಬೇಕು. ಅಗೆತ ಶುರುವಾಗುವ ಎರಡು ವಾರ ಮೊದಲಿಂದ ಅಳೆಯಿರಿ. ಅಗೆಯುವ ದಿನಗಳಲ್ಲಿ ಪ್ರತಿದಿನ, ಬೆಳಗ್ಗೆ ಒಂದೇ ಹೊತ್ತಿಗೆ. ಮಳೆ ಬಂದ ಮೇಲೆ ಇನ್ನೊಮ್ಮೆ. ಅಂಕಿಯನ್ನು ಪುಸ್ತಕದಲ್ಲಿ ಮುಚ್ಚಿಡದೆ ಸೈಟ್ ಆಫೀಸಿನ ಗೋಡೆ ಮೇಲೆ ಗ್ರಾಫ್ ಮಾಡಿ. ಒಟ್ಟು ಎಷ್ಟು ಸರಿಯಿತು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸರಿಯುತ್ತಿದೆ ಎನ್ನುವುದನ್ನು ನೋಡಿ. ಅಗೆತ ನಿಂತ ಮೇಲೂ ಗೆರೆ ಏರುತ್ತಲೇ ಇದ್ದರೆ ಅದು ಅಪಾಯದ ಗುರುತು.

10. ಅಂಕಿ ಮೀರಿದರೆ

10 ಮಿ.ಮೀ. ಗುರಿಗೆ 6 ಮಿ.ಮೀ. ಎಚ್ಚರಿಕೆ ಮಟ್ಟ. ಅಲ್ಲಿ ಡಿಸೈನರ್‌ಗೆ ಫೋನ್, ಅಳತೆ ದಿನಕ್ಕೆ ಎರಡು ಸಲ, ಅಗೆಯುವ ತುಂಡು ಇನ್ನೂ ಚಿಕ್ಕದು. 10 ಮುಟ್ಟಿದರೆ ಅಗೆತ ಪೂರ್ತಿ ಬಂದ್. ಬಂದ್ ಮಾಡುವ ಅಧಿಕಾರ ಸೈಟಿನಲ್ಲಿರುವ ಎಂಜಿನಿಯರ್‌ಗೇ ಇರಬೇಕು, ಮಾಲೀಕರು ಊರಿನಿಂದ ಬರುವವರೆಗೆ ಕಾಯುವಂತಿರಬಾರದು.

ತುರ್ತಿಗೆ ಅತಿ ಬೇಗ ಆಗುವ ಉಪಾಯ ಅಗೆದ ಮಣ್ಣನ್ನೇ ಗೋಡೆ ಬುಡಕ್ಕೆ ಮರಳಿ ಸುರಿಯುವುದು. ಅದಕ್ಕಾಗಿ ಎರಡು ಮೂರು ಟಿಪ್ಪರ್ ಗರಸು, ಒಂದಿಷ್ಟು ಮರಳು ಚೀಲ ಯಾವಾಗಲೂ ಸೈಟಿನಲ್ಲಿರಲಿ, ದಂಡೆಯಿಂದ ದೂರ. ಜೆಸಿಬಿ ರಾತ್ರಿಯೂ ಅಲ್ಲೇ ನಿಂತಿರಲಿ. ಮಣ್ಣು ಬಿದ್ದು ಗೆರೆ ಸಪಾಟಾದ ಮೇಲೆ ಹೆಚ್ಚಿನ ಸ್ಟ್ರಟ್, ಗ್ರೌಟ್ ಮುಂತಾದವನ್ನು ಯೋಚಿಸಿ. ಅಳತೆ ವೇಗವಾಗಿ ಏರುತ್ತಿದ್ದರೆ ಮೊದಲು ಗುಂಡಿಯೊಳಗಿನವರನ್ನು ಮೇಲೆ ಕರೆಯಿರಿ, ಬಾಜೂ ಮನೆಯವರನ್ನು ಹೊರಗೆ ಕಳಿಸಿ. ಅಂಥ ಹೊತ್ತಿನಲ್ಲಿ ಬುಡದಲ್ಲಿ ಮನುಷ್ಯರನ್ನಿಟ್ಟು ಆನಿಕೆ ಕೊಡಿಸಲು ಹೋಗಬೇಡಿ.

11. ಸ್ಟ್ರಟ್ ತೆಗೆಯುವಾಗ

ಬೇಸ್‌ಮೆಂಟ್ ಮೇಲೆದ್ದಿತು ಎಂದು ಎಲ್ಲರೂ ಸಡಿಲಾಗುವ ಹೊತ್ತು ಇದು. ಸ್ಟ್ರಟ್ ತೆಗೆದ ಕೂಡಲೇ ಆ ಭಾರ ಇನ್ನೆಲ್ಲಿಗಾದರೂ ಹೋಗಲೇಬೇಕು. ರ‍್ಯಾಫ್ಟ್ ಗೋಡೆಗೆ ತಾಗಿ, ಗಟ್ಟಿಯಾದ ಮೇಲೆ ಕೆಳಗಿನ ಸಾಲು. ನಡುವಿನ ಸ್ಲ್ಯಾಬ್ ಆದ ಮೇಲೆ ಅದರ ಮೇಲಿನದು. ಪೈಲ್ ಗೋಡೆ ಮತ್ತು ಬೇಸ್‌ಮೆಂಟ್ ಗೋಡೆ ನಡುವೆ ಸಂದು ಇದ್ದರೆ ಸ್ಟ್ರಟ್ ತೆಗೆಯುವ ಮೊದಲೇ ತೆಳು ಕಾಂಕ್ರೀಟ್‌ನಿಂದ ತುಂಬಿ. ಅಲ್ಲಿಗೆ ಎರೆಮಣ್ಣು, ಕಟ್ಟಡದ ಕಸ ಸುರಿಯುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಪೈಲ್ ಗೋಡೆ ಸಂದು ಮುಚ್ಚುವವರೆಗೂ ಸರಿಯುತ್ತದೆ. ಜ್ಯಾಕ್ ಕೊಟ್ಟು ಭಾರ ನಿಧಾನ ಇಳಿಸಿ. ಗ್ಯಾಸ್ ಕಟರ್‌ನಿಂದ ಒಮ್ಮೆಲೇ ಕತ್ತರಿಸಬೇಡಿ. ಒಂದು ತೆಗೆದು, ಅಳೆದು, ಆಮೇಲೆ ಇನ್ನೊಂದು.

ಬಾಜೂ ಮನೆಯ ಗುರುತುಗಳನ್ನು ಸ್ಟ್ರಟ್ ತೆಗೆದ ಮೇಲೂ ಕೀಳಬೇಡಿ. ಒಂದು ಪೂರ್ತಿ ಮಳೆಗಾಲ, ಒಂದು ಬೇಸಿಗೆ ತಿಂಗಳಿಗೊಮ್ಮೆ ಅಳೆಯಿರಿ. ಎರೆಮಣ್ಣಿನ ಮೇಲಿನ ಮನೆ ಹೇಗೂ ಋತುವಿಗೊಮ್ಮೆ ಮೇಲೆ ಕೆಳಗೆ ಆಡುತ್ತದೆ. ಯಾವುದು ನಿಮ್ಮ ಗುಂಡಿಯದು, ಯಾವುದು ಋತುವಿನದು ಎಂದು ಆ ಒಂದು ವರ್ಷದ ಅಂಕಿಗಳಿಂದ ಗೊತ್ತಾಗುತ್ತದೆ. ಕೊನೆಯ ಅಳತೆಯ ಪ್ರತಿಯನ್ನು ಮೊದಲ ಫೋಟೋಗಳ ಜತೆ ಸೇರಿಸಿ ಆ ಮನೆಯವರಿಗೆ ಕೊಡಿ. ಕೂದಲೆಳೆ ಬಿರುಕು ಬಿದ್ದಿದ್ದರೆ ಬೇಸಿಗೆ ಮುಗಿಯುವವರೆಗೆ ಕಾದು, ಅದು ಇನ್ನು ಅಗಲವಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗೌಂಡಿ ಕರೆಸಿ ಮುಚ್ಚಿಸಿ, ಬಣ್ಣ ಹೊಡೆಸಿಕೊಡಿ.